ಒಬ್ಬರೇ ಘಟ್ಟಕ್ಕೆ ಹೊರಡುವವರ ಲೆಕ್ಕ

ಊಟಿ, ಮಡಿಕೇರಿ, ಚಿಕ್ಕಮಗಳೂರು ಇದ್ದಲ್ಲೇ ಇವೆ. ಆದರೂ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂಥ ಊರಿನಿಂದ ನೋಡಿದರೆ, ಈ ಎರಡು ಮೂರು ವರ್ಷಗಳಲ್ಲಿ ಅವು ಹತ್ತಿರ ಬಂದುಬಿಟ್ಟಿವೆ ಎನಿಸುತ್ತದೆ. ಕಾರಣವಿಲ್ಲದೆ ಹುಟ್ಟಿದ ಭಾವನೆ ಇದಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮರುವರ್ಷ ಅದೇ ತಿಂಗಳಲ್ಲಿ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ದಾಬಸ್‌ಪೇಟೆ–ಹೊಸಕೋಟೆ ಭಾಗ ತೆರೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಪಾಲು, ಹೊಸಕೋಟೆಯಿಂದ ಬೇತಮಂಗಲದವರೆಗಿನ 71 ಕಿಲೋಮೀಟರ್, ಓಡಾಟಕ್ಕೆ ಸಿಕ್ಕಿತು. ಈಗ ಜಡಿಗೇನಹಳ್ಳಿಯಿಂದ ಕಾರು ತೆಗೆದವರು ಬೆಂಗಳೂರಿನ ಸಿಗ್ನಲ್ಲುಗಳ ಮುಖ ನೋಡದೆ ದೇವನಹಳ್ಳಿ, ದೊಡ್ಡಬಳ್ಳಾಪುರ ಬಳಸಿ ದಾಬಸ್‌ಪೇಟೆ ಸೇರಬಹುದು. ಅಲ್ಲಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ದಾಟಿ ಚಿಕ್ಕಮಗಳೂರಿನ ಬೆಟ್ಟದ ಬುಡಕ್ಕೆ ಹೋಗಬಹುದು. ಪೂರ್ವಕ್ಕೆ ಹೊರಟರೆ ಕೆಜಿಎಫ್ ದಾಟಿ ಆಂಧ್ರ, ತಮಿಳುನಾಡಿನ ಬೆಟ್ಟಗಳ ದಾರಿ ಹಿಡಿಯಬಹುದು. ಬಯಲುಸೀಮೆಯ ರಸ್ತೆ ಎರಡು ಗಂಟೆ ಉಳಿಸಿಕೊಟ್ಟಿದೆ. ಆ ಎರಡು ಗಂಟೆಯನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದೇ ಪ್ರಶ್ನೆ. ಇನ್ನಷ್ಟು ದೂರ ಹೋಗುವುದಕ್ಕೆ ಎಂಬುದು ಹೆಚ್ಚಿನವರ ಉತ್ತರ. ನಿದ್ದೆಗೆ ಎಂಬುದು ನನ್ನ ವಾದ. ಒಬ್ಬರೇ ಕಾಡು, ಬೆಟ್ಟ ಸುತ್ತಲು ಹೊರಡುವ ದೂರದ ಪ್ರಯಾಣದಲ್ಲಿ ಗಾಡಿ ಓಡಿಸುವ ಚಾಕಚಕ್ಯತೆಗಿಂತ ಗಾಡಿ ಪಕ್ಕಕ್ಕೆ ಹಾಕುವ ತೀರ್ಮಾನ ದೊಡ್ಡದು. ನಾವು ಶಪಿಸುವ ಕಾಡಿನ ಗೇಟುಗಳು ಆ ತೀರ್ಮಾನಕ್ಕೆ ಒತ್ತಾಸೆಯಾಗಿ ನಿಲ್ಲುತ್ತವೆ.

ವಾಡಿಕೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಎದ್ದವರು ಹಗಲಿಡೀ ಕೆಲಸ ಮಾಡಿ, ರಾತ್ರಿ ಊಟ ಮುಗಿಸಿ ಹತ್ತಕ್ಕೆ ಊಟಿಯ ಕಡೆಗೆ ಗಾಡಿ ತೆಗೆಯುತ್ತಾರೆ. ರಜೆ ಉಳಿಯುತ್ತದೆ, ಟ್ರಾಫಿಕ್ ಇರುವುದಿಲ್ಲ, ಬೆಳಕು ಹರಿಯುವಷ್ಟರಲ್ಲಿ ಬೆಟ್ಟದ ಮೇಲಿರಬಹುದು. ಹನ್ನೊಂದಕ್ಕೆ ಅವರು ಎದ್ದು ಹದಿನೇಳು ಗಂಟೆಯಾಗಿರುತ್ತದೆ. ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಸ್ಥಿತಿಯನ್ನೇ ಅಳೆದಿತ್ತು. ಹದಿನೇಳು ಗಂಟೆ ಎಚ್ಚರವಿದ್ದವರ ಕಣ್ಣು–ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಆಲ್ಕೊಹಾಲ್ ಇರುವವರ ಮಟ್ಟಕ್ಕೆ ಇಳಿದಿತ್ತು. ಇಪ್ಪತ್ನಾಲ್ಕು ಗಂಟೆ ಎಚ್ಚರವಿದ್ದವರದು ಶೇ 0.10ರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಬಿಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇ 0.03. ಒಂದು ಹನಿ ಮುಟ್ಟದವರೂ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ, ಕೈಕಣ್ಣಿನ ಹಿಡಿತದ ಮಟ್ಟಿಗೆ, ಕಾನೂನು ಕುಡಿದವರೆಂದು ಕರೆಯುವವರ ಸಾಲಿಗೆ ಸೇರಿರುತ್ತಾರೆ. ಪೊಲೀಸರ ಬಳಿ ಬಾಯಿಂದ ಊದಿಸುವ ಯಂತ್ರ ಇದೆ, ನಿದ್ದೆಗೆ ಅಂಥದೇನೂ ಇಲ್ಲ. ಅಷ್ಟೆಲ್ಲ ಮಾಡಿ ನಸುಕಿನ ಎರಡಕ್ಕೆ ಗುಂಡ್ಲುಪೇಟೆ ದಾಟಿದರೆ ಬಂಡೀಪುರದ ಚೆಕ್‌ಪೋಸ್ಟ್ ಮುಚ್ಚಿರುತ್ತದೆ. ಅಲ್ಲಿ ಸಾಲುಗಟ್ಟಿ ನಿಂತು, ಸೀಟು ಹಿಂದಕ್ಕೆ ಮಡಿಸಿ, ಕತ್ತು ನೋಯಿಸಿಕೊಂಡು ತೂಕಡಿಸುವವರು ಮನೆಯ ಹಾಸಿಗೆಯಲ್ಲಿ ನಿಶ್ಚಿಂತೆಯಾಗಿ ಮಲಗಿ ನಾಲ್ಕೂವರೆಗೆ ಹೊರಡಬಹುದಿತ್ತು. ಊಟಿಗೆ ಕೆಲವು ಗಂಟೆ ತಡವಾಗುತ್ತಿತ್ತು, ನಿಜ. ಆದರೆ ಕಾಡಿನ ದಾರಿಯನ್ನೂ ಘಟ್ಟವನ್ನೂ ನಿದ್ದೆ ಮಾಡಿ ಎದ್ದ ಕಣ್ಣಲ್ಲಿ ದಾಟುತ್ತಿದ್ದರು.

ನಿದ್ದೆಗೆಟ್ಟ ತಲೆ ಒಮ್ಮೆಲೇ ಮಲಗುವುದಿಲ್ಲ. ಮೊದಲು ಮೂರು ನಾಲ್ಕು ಸೆಕೆಂಡಿನ ಜೊಂಪು ಹತ್ತುತ್ತದೆ. ಎಷ್ಟೋ ಸಲ ಕಣ್ಣು ಬಿಟ್ಟೇ ಇರುತ್ತದೆ, ಜೊಂಪು ಹತ್ತಿದ್ದು ಹತ್ತಿಸಿಕೊಂಡವರಿಗೇ ತಿಳಿಯುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡ್ ಎಂದರೆ ಸುಮಾರು 110 ಮೀಟರ್. ಅಗಲವಾದ, ನೇರವಾದ ಎಕ್ಸ್‌ಪ್ರೆಸ್‌ವೇಯಲ್ಲಿ ಅಷ್ಟು ದೂರ ಕುರುಡಾಗಿ ಹೋದರೂ ಬಚಾವಾಗುವುದುಂಟು. ಆ ಬಚಾವೇ ಮುಂದಿನ ಸಲದ ಧೈರ್ಯವಾಗುತ್ತದೆ. ಘಟ್ಟದಲ್ಲಿ ಗಂಟೆಗೆ 30ರಲ್ಲಿ ಹೋದರೂ ನಾಲ್ಕು ಸೆಕೆಂಡಿಗೆ 33 ಮೀಟರ್ ಸರಿದಿರುತ್ತದೆ. ಒಂದು ಹೇರ್‌ಪಿನ್ ತಿರುವು ಮುಗಿಯುವುದಕ್ಕೆ ಅಷ್ಟು ಉದ್ದ ಬೇಕಿಲ್ಲ. ಬಯಲಿನ ವೇಗದ ರಸ್ತೆ ಕೂಡಿಸಿಟ್ಟ ದಣಿವನ್ನು ತೀರಿಸುವ ಜಾಗ ಬಹಳ ಸಲ ಘಟ್ಟವೇ ಆಗಿಬಿಡುತ್ತದೆ. ಇದನ್ನು ಅಂಕಿಯಲ್ಲಿ ತೋರಿಸಿ ಎಂದರೆ ತೊಡಕಿದೆ, ಆ ತೊಡಕೂ ಒಂದು ಸಾಕ್ಷಿಯೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಯಾವ ನಿಯಮ ಮುರಿದದ್ದರಿಂದ ಎಂಬ ಪಟ್ಟಿಯಲ್ಲಿ ಅತಿವೇಗ, ಕುಡಿತ, ರಾಂಗ್ ಸೈಡ್, ಕೆಂಪು ದೀಪ, ಮೊಬೈಲ್, ಇತರೆ ಎಂಬ ಕಾಲಂಗಳಿವೆ. ನಿದ್ದೆಗೆ ಕಾಲಂ ಇಲ್ಲ. ಕಣ್ಣು ಮುಚ್ಚಿದವರ ಕಾಲು ಆಕ್ಸಿಲರೇಟರ್ ಮೇಲೇ ಉಳಿದರೆ ಅದು ಅತಿವೇಗದ ಖಾತೆಗೋ ಇತರೆಯ ಖಾತೆಗೋ ಜಮೆಯಾಗುತ್ತದೆ. ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ: ಅತಿ ಹೆಚ್ಚು ಅಪಘಾತಗಳು, ಸುಮಾರು ಐದರಲ್ಲೊಂದು, ನಡೆಯುವುದು ಸಂಜೆ 6ರಿಂದ 9ರ ನಡುವೆ. ಎಲ್ಲರೂ ಬೈಯುವ ನಡುರಾತ್ರಿಯಲ್ಲಲ್ಲ. ಆ ಹೊತ್ತಿಗೆ ವಾಹನಗಳೇ ಹೆಚ್ಚು ಎಂಬುದು ಒಂದು ಕಾರಣ, ಒಪ್ಪೋಣ. ಆದರೆ ‘ಇನ್ನೇನು ಬಂದೇಬಿಟ್ಟೆವು, ಕತ್ತಲಾಗುವ ಮುಂಚೆ ಮುಟ್ಟಿಬಿಡೋಣ’ ಎಂದು ದಣಿದವರು ಗೇರ್ ಏರಿಸುವ ಹೊತ್ತೂ ಅದೇ.

ಹೊಟ್ಟೆಪಾಡಿಗೆ ಗಾಡಿ ಓಡಿಸುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಲಾರಿಯಲ್ಲಿ ಕ್ಲೀನರ್ ಇರುತ್ತಿದ್ದದ್ದು ಗಾಜು ಒರೆಸುವುದಕ್ಕಷ್ಟೇ ಅಲ್ಲ. ರಿವರ್ಸ್‌ನಲ್ಲಿ ಹಿಂದೆ ನಿಂತು ‘ಬರ್ಲಿ ಬರ್ಲಿ’ ಎನ್ನುವವನು, ಏರಿನಲ್ಲಿ ನಿಂತರೆ ಚಕ್ರಕ್ಕೆ ಕಲ್ಲು ಕೊಡುವವನು, ಡ್ರೈವರನ ಮಾತು ಕಡಿಮೆಯಾದಾಗ ‘ಅಣ್ಣಾ, ಟೀ ಕುಡಿಯೋಣ’ ಎಂದು ಗಾಡಿ ನಿಲ್ಲಿಸುವವನು ಅವನೇ. ಹೊಸಕೋಟೆ ಸೀಮೆಯಿಂದ ರಾತ್ರಿ ತರಕಾರಿ, ಹೂವು ಹೇರಿಕೊಂಡು ಮಾರ್ಕೆಟ್ಟಿಗೆ ಹೊರಡುವ ಗೂಡ್ಸ್ ಗಾಡಿಗಳ ಕ್ಯಾಬಿನ್ನಿನಲ್ಲಿ ಈಗಲೂ ಇಬ್ಬರು ಕೂತಿರುವುದು ಸುಮ್ಮನೆ ಅಲ್ಲ. ಕಾನೂನಿಗೂ ಈ ತಿಳಿವಳಿಕೆ ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿ ಹಾಕಿತು. ಐದು ಗಂಟೆ ಸತತ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತು. ಐರೋಪ್ಯ ಒಕ್ಕೂಟದ ಲಾರಿ ಚಾಲಕರಿಗೆ ನಾಲ್ಕೂವರೆ ಗಂಟೆಗೆ 45 ನಿಮಿಷದ ವಿರಾಮ ಕಡ್ಡಾಯ. ನಮ್ಮಲ್ಲಿ ಈ ನಿಯಮ ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ಆದರೂ ದಿನಾ ಓಡಿಸಿ ಪಳಗಿದವರಿಗೇ ಎಂಟು ಗಂಟೆ ಸಾಕು ಎಂದು ನಿಯಮ ಹೇಳುವಾಗ, ವರ್ಷಕ್ಕೆ ಎರಡು ಸಲ ದೂರ ಹೋಗುವ, ಉಳಿದ ದಿನ ಕುರ್ಚಿಯ ಮೇಲೆ ಕೂರುವವರು ಹದಿನಾಲ್ಕು ಗಂಟೆ ಓಡಿಸಿದ್ದನ್ನು ಸಾಧನೆ ಎಂದು ಹೇಳಿಕೊಳ್ಳುವುದು ವಿಚಿತ್ರ. ಒಬ್ಬರೇ ಹೋಗುವವರು ಡ್ರೈವರೂ ಹೌದು, ಕ್ಲೀನರೂ ಹೌದು, ಓನರೂ ಹೌದು. ‘ಟೀ ಕುಡಿಯೋಣ’ ಎನ್ನಬೇಕಾದ ಬಾಯಿ, ‘ಇನ್ನೊಂದು ಐವತ್ತು ಕಿಲೋಮೀಟರ್’ ಎನ್ನುವ ಬಾಯಿ, ಎರಡೂ ಒಂದೇ.

ಇಲ್ಲಿಯೇ ಕಾಡಿನ ಗೇಟು ಉಪಕಾರಿಯಾಗುವುದು. ಬಂಡೀಪುರದ ಮೂಲಕ ಹಾಯುವ ಊಟಿ ರಸ್ತೆ, ವಯನಾಡು ರಸ್ತೆ ಎರಡೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತವೆ. ಆಂಬುಲೆನ್ಸು, ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ನಾಗರಹೊಳೆಯ ಅಂಚಿನಲ್ಲಿ ಎಚ್.ಡಿ. ಕೋಟೆ, ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ ಆರಕ್ಕೇ ಮುಚ್ಚುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೋಗುವವರಿಗೆ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಸಿಗುತ್ತದೆ. ನಡುವೆ ಎಲ್ಲೋ ನಿಂತು ಹಾಸು ಹಾಸಿ ಊಟ ಮಾಡಿದರೆ ಆಚೆ ತುದಿಯ ಸಿಬ್ಬಂದಿಗೆ ಚೀಟಿಯೇ ಹೇಳಿಬಿಡುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನವೇ ಇಲ್ಲ, ಬುಡದಲ್ಲಿ ಗಾಡಿ ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಅಮೆರಿಕದ ಜಿಯಾನ್ ರಾಷ್ಟ್ರೀಯ ಉದ್ಯಾನದ ಕಣಿವೆ ರಸ್ತೆಯಲ್ಲೂ 2000ನೇ ಇಸವಿಯಿಂದ ವರ್ಷದ ಬಹುಪಾಲು ಇದೇ ಏರ್ಪಾಡು. ಕಾರು ಸಾಕಿದ ದೇಶವೇ ಕಾರನ್ನು ಹೊರಗೆ ನಿಲ್ಲಿಸಿದೆ. ನೀಲಗಿರಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ–ಪಾಸ್ ಬಂತು. 2025ರ ಏಪ್ರಿಲ್‌ನಿಂದ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯೂ ಬಂತು. ಇವೆಲ್ಲ ಆನೆಗಾಗಿ, ಚಿರತೆಗಾಗಿ, ಬೆಟ್ಟದ ಮಣ್ಣಿಗಾಗಿ ಮಾಡಿದ ನಿಯಮಗಳು. ಒಂಟಿ ಪ್ರಯಾಣಿಕರ ನಿದ್ದೆಯ ಬಗ್ಗೆ ಯಾವ ನ್ಯಾಯಾಧೀಶರೂ ಯೋಚಿಸಿರಲಿಕ್ಕಿಲ್ಲ. ಆದರೂ ಪರಿಣಾಮ ನೋಡಿ: ಈ ದಾರಿಗಳಲ್ಲಿ ಹೋಗುವವರು ಮುಟ್ಟಬೇಕಾದ ಗೇಟಿನ ಸಮಯದಿಂದ ಹಿಂದಕ್ಕೆ ಎಣಿಸಬೇಕು. ಸಂಜೆಯೊಳಗೆ ಬಾವಲಿ ದಾಟಬೇಕೆಂದರೆ ಮೂರಕ್ಕೆ ಎಚ್.ಡಿ. ಕೋಟೆ, ಮಧ್ಯಾಹ್ನದ ಊಟಕ್ಕೆ ಮೈಸೂರು, ಮನೆಯಿಂದ ಬೆಳಿಗ್ಗೆ ಎಂಟಕ್ಕೆ. ಕಿಲೋಮೀಟರಿನ ಲೆಕ್ಕ ಬಿಟ್ಟು ಗಡಿಯಾರದ ಲೆಕ್ಕಕ್ಕೆ ಬಂದವರು ತಾವಾಗಿಯೇ ಹಗಲಿನ ಪ್ರಯಾಣಿಕರಾಗುತ್ತಾರೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೆಂದರೆ, ಗೇಟು ಮುಚ್ಚುವುದರಿಂದ ಪ್ರವಾಸಿಗರಿಗೆ ಆಗುವುದು ಬರೀ ತಡ, ವಯನಾಡಿನ ವ್ಯಾಪಾರಿಗೆ, ರೋಗಿಗೆ, ತರಕಾರಿ ಲಾರಿಗೆ ಆಗುವುದು ನಷ್ಟ ಎಂಬುದು. 2019ರಲ್ಲಿ ವಯನಾಡಿನ ಜನ ಬೀದಿಗಿಳಿದದ್ದು ಈ ಕಾರಣಕ್ಕೇ. ಆ ಕಷ್ಟವನ್ನು ತಳ್ಳಿಹಾಕುವಂತಿಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲಿನ ಬಳಸುದಾರಿ ಸುಧಾರಿಸಬೇಕೆಂಬ ಒತ್ತಾಯವೂ ನ್ಯಾಯವಾದದ್ದೇ. ಆದರೆ ಮೋಜಿಗೆ ಹೊರಟವರು ಅವರ ಕಷ್ಟವನ್ನು ಎರವಲು ತಂದು ತಮ್ಮ ಅವಸರಕ್ಕೆ ಹೊದಿಸಬಾರದು. ಹಗಲಿನಲ್ಲೂ ಕಾಡಿನ ರಸ್ತೆ ಪ್ರವಾಸಿಗರ ಸ್ವತ್ತಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳದ ಬಳಿ ಆನೆಯ ಹತ್ತಿರ ಸೆಲ್ಫಿಗೆ ಹೋದ ಒಬ್ಬರು ಅದರ ಕಾಲಡಿಗೆ ಸಿಕ್ಕಿ ಬದುಕಿ ಬಂದರು, 25,000 ರೂಪಾಯಿ ದಂಡವನ್ನೂ ಕಟ್ಟಿದರು. ಅಕ್ಕಪಕ್ಕ ಜನರಿದ್ದರು, ಬದುಕಿದರು. ಒಬ್ಬರೇ ಇದ್ದಾಗ ಇಂಥದು ನಡೆದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಘಟ್ಟ ಹತ್ತುವುದನ್ನು ಎಲ್ಲರೂ ವರ್ಣಿಸುತ್ತಾರೆ, ಇಳಿಯುವುದನ್ನು ಯಾರೂ ಹೇಳುವುದಿಲ್ಲ. ಹತ್ತುವಾಗ ಸೋಲುವುದು ಎಂಜಿನ್. ಉಸಿರು ಬಿಟ್ಟು ನಿಂತರೂ ಜೀವಕ್ಕೆ ಅಪಾಯವಿಲ್ಲ. ಇಳಿಯುವಾಗ ಸೋಲುವುದು ಬ್ರೇಕು. 1,200 ಕಿಲೋ ತೂಗುವ ಕಾರು ಸಾವಿರ ಮೀಟರ್ ಕೆಳಗಿಳಿದರೆ ಅದು ಕಳೆದುಕೊಳ್ಳಬೇಕಾದ ಶಕ್ತಿ, ಮೂವತ್ತೈದು ಲೀಟರ್ ತಣ್ಣೀರನ್ನು, ಅಂದರೆ ಮನೆಯ ಬಚ್ಚಲಿನ ಒಂದು ಹಂಡೆಯನ್ನು, ಕುದಿಯುವ ಹಂತಕ್ಕೆ ತರುವಷ್ಟು. ಒಂದಿಷ್ಟನ್ನು ಗಾಳಿ, ಟೈರು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಕಾಲು ಪೆಡಲಿನ ಮೇಲೇ ಇಟ್ಟುಕೊಂಡು ಇಳಿಯುವವರು ಪೂರ್ತಿಯಾಗಿ ಬ್ರೇಕಿನ ತಟ್ಟೆ, ಪ್ಯಾಡುಗಳಿಗೆ ಸುರಿಯುತ್ತಾರೆ. ಡಾಟ್–3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯುವುದು 205 ಡಿಗ್ರಿಗೆ. ಗಾಳಿಯ ತೇವ ಹೀರಿ ಹಳತಾದದ್ದು 140ಕ್ಕೇ ಕುದಿಯಬಹುದು. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆ ಹುಟ್ಟಿದರೆ ಪೆಡಲು ಸ್ಪಂಜಿನಂತೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿ ಎಂಬ ಹಳೆಯ ಡ್ರೈವರುಗಳ ಮಾತಿನ ಹಿಂದಿರುವ ಭೌತಶಾಸ್ತ್ರ ಇಷ್ಟೇ: ಹಂಡೆಯ ಕಾವನ್ನು ಎಂಜಿನ್ನಿನ ಮೇಲೆ ಹಾಕು, ಬ್ರೇಕಿನ ಮೇಲೆ ಬೇಡ. ಆಟೋಮ್ಯಾಟಿಕ್ ಕಾರು ಇರುವವರು ಲಿವರನ್ನು ‘ಡಿ’ಯಲ್ಲೇ ಮರೆಯದೆ ಕೈಯಾರೆ ಗೇರ್ ಇಳಿಸಬೇಕು. ಮಸಿನಗುಡಿಯಿಂದ ಊಟಿಗೆ 36 ಹೇರ್‌ಪಿನ್ ತಿರುವುಗಳಲ್ಲಿ ಏರುವ ಕಲ್ಲಟ್ಟಿ ಘಟ್ಟದಲ್ಲಿ ಹೊರಗಿನ ವಾಹನಗಳನ್ನು ಹತ್ತಲು ಬಿಟ್ಟು, ಇಳಿಯಲು ಬಿಡದೆ ಗೂಡಲೂರಿನ ದಾರಿಗೆ ಕಳಿಸುವುದು ಇದೇ ಅನುಭವದಿಂದ. ಇದೆಲ್ಲ ಗೊತ್ತಿದ್ದವರೂ ತಪ್ಪುವುದು ಯಾವಾಗ? ವಾಪಸು ಬರುವ ದಿನ, ರೂಮ್ ಖಾಲಿ ಮಾಡಿ, ಹೊಟ್ಟೆ ತುಂಬ ಉಂಡು, ದೇಹ ತಾನಾಗಿ ಮಂಕಾಗುವ ಎರಡರಿಂದ ನಾಲ್ಕು ಗಂಟೆಯ ನಡುವೆ ಘಟ್ಟ ಇಳಿಯುವಾಗ. ಗೇರ್ ಇಳಿಸಬೇಕೆಂದು ನೆನಪಿಸುವ ಮಿದುಳೇ ಆಗ ಅರ್ಧ ರಜೆಯಲ್ಲಿರುತ್ತದೆ. ಬೆಳಗಿನ ತಿಂಡಿ ಮುಗಿಸಿ ಇಳಿದುಬಿಡುವುದು, ಊಟ ಕೆಳಗಿನ ಊರಿನಲ್ಲಿ ಇಟ್ಟುಕೊಳ್ಳುವುದು, ಇದಕ್ಕಿಂತ ಅಗ್ಗದ ವಿಮೆ ಇಲ್ಲ. (ಬೆಳಗಿನ ಬಿರಿಯಾನಿಗೆ ಹೆಸರಾದ ಹೊಸಕೋಟೆಯವರಿಗೆ ಊಟದ ಹೊತ್ತಿನ ಬಗ್ಗೆ ಉಪದೇಶ ಮಾಡುವುದು ಕಷ್ಟ. ಆದರೂ ನಸುಕಿನಲ್ಲಿ ಬಿರಿಯಾನಿ ಹೊಡೆದು ನೇರ ಸ್ಟಿಯರಿಂಗ್ ಹಿಡಿಯುವುದು ನಿದ್ದೆಗೆ ಆಹ್ವಾನಪತ್ರಿಕೆಯೇ.)

ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ ಸುರಕ್ಷಿತವಾಗಿ ಬಂದವರಿಲ್ಲವೇ ಎಂದು ಬೈಕ್ ಸವಾರರು ಕೇಳುತ್ತಾರೆ. ಇದ್ದಾರೆ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಇಪ್ಪತ್ನಾಲ್ಕು ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ ಸುಮಾರು 1,610 ಕಿಲೋಮೀಟರ್, ಓಡಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ನಮ್ಮವರೂ ಅದನ್ನು ಪಡೆದಿದ್ದಾರೆ. ಆದರೆ ಆ ಸಂಸ್ಥೆಯೇ ಕೊಡುವ ಸಲಹೆಗಳಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿದಿರಬೇಕು ಎಂಬುದು ಮುಖ್ಯವಾದದ್ದು. ಮೇಲಾಗಿ ಅಂಥ ಓಟಕ್ಕೆ ಸವಾರರು ಆರಿಸಿಕೊಳ್ಳುವುದು ನೇರ ಹೆದ್ದಾರಿಯನ್ನು, ಚಾರ್ಮಾಡಿಯನ್ನಲ್ಲ. ಬೈಕಿನವರಿಗೆ ಇನ್ನೊಂದು ಲೆಕ್ಕವೂ ಇದೆ. 2023ರ ಆಗಸ್ಟ್ 1ರಿಂದ ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಚೆನ್ನೈ ಎಕ್ಸ್‌ಪ್ರೆಸ್‌ವೇಯೂ ಅವರಿಗಲ್ಲ. ಕಾರಿನವರಿಗೆ ಉಳಿದ ಎರಡು ಗಂಟೆ ಅವರಿಗೆ ಉಳಿದೇ ಇಲ್ಲ. ಗೆಳೆಯರ ಕಾರು ಹೊರಟ ಹೊತ್ತಿಗೇ ಹೊರಟು, ಅವರು ಮುಟ್ಟುವ ಹೊತ್ತಿಗೇ ಮುಟ್ಟಬೇಕೆಂದು ಹಟ ಹಿಡಿದರೆ ಸರ್ವಿಸ್ ರಸ್ತೆಯ ಹಂಪುಗಳೇ ಬುದ್ಧಿ ಕಲಿಸುತ್ತವೆ.

ಹಾಗಾದರೆ ಒಬ್ಬರೇ ಹೋಗುವುದೇ ತಪ್ಪೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಗುಂಪಿನಲ್ಲಿ ಹೋದಾಗ ನಿಲ್ಲಿಸುವುದಕ್ಕೆ ಎಲ್ಲರ ಒಪ್ಪಿಗೆ ಬೇಕು. ಒಬ್ಬರಿಗೆ ಫಾಲ್ಸ್ ನೋಡಬೇಕು, ಇನ್ನೊಬ್ಬರಿಗೆ ಸೂರ್ಯಾಸ್ತ ತಪ್ಪಬಾರದು. ‘ನನಗೆ ಕಣ್ಣೆಳೆಯುತ್ತಿದೆ’ ಎಂದು ಹೇಳಿ ಗೇಲಿಗೊಳಗಾಗುವ ಬದಲು ಡ್ರೈವರ್ ಸುಮ್ಮನೆ ಓಡಿಸುತ್ತಾನೆ. ಒಬ್ಬರೇ ಹೊರಟವರಿಗೆ ಸಿಗುವ ಸ್ವಾತಂತ್ರ್ಯದಲ್ಲಿ ಬೆಲೆಬಾಳುವ ಭಾಗ ಯಾರನ್ನೂ ಕೇಳದೆ ನಿಲ್ಲಿಸುವುದು: ತಿಪಟೂರಿನ ತೆಂಗಿನ ತೋಟದ ನೆರಳಲ್ಲಿ ಇಪ್ಪತ್ತು ನಿಮಿಷ, ಮಳೆ ಜೋರಾದರೆ ಬೇಲೂರಿನಲ್ಲೇ ರಾತ್ರಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಗುಡ್ಡದ ಸಮೇತ ಕುಸಿದದ್ದನ್ನು, ಮರುವರ್ಷ ಚಾರ್ಮಾಡಿ ಘಟ್ಟ ಮುಚ್ಚಿದ್ದನ್ನು ನೆನೆದರೆ, ಯೋಜನೆ ಬದಲಿಸಬಲ್ಲ ಒಂಟಿ ಪ್ರಯಾಣಿಕರೇ ಮಳೆಗಾಲದಲ್ಲಿ ಹೆಚ್ಚು ಜಾಣರಾಗಬಲ್ಲರು. ಟೀ, ಕಾಫಿ ಸಾಲದೇ ಎಂದರೆ, ಕಾಫಿ ಕೆಲಸ ಮಾಡಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಕಣ್ಣು ಮುಚ್ಚಿ ಆಮೇಲೆ ಹೊರಡಿ. ಕುಡಿದ ಕೂಡಲೇ ಗಾಡಿ ಎತ್ತುವವರಿಗೆ ಅದು ಬಾಯಿರುಚಿ ಮಾತ್ರ.

ದುಡ್ಡಿನ ಆಕ್ಷೇಪ ಇದೆಲ್ಲಕ್ಕಿಂತ ಕಠಿಣ. ಮಧ್ಯದಲ್ಲಿ ಒಂದು ರಾತ್ರಿ ತಂಗಿ ಎಂದು ಬರೆಯುವುದು ಸುಲಭ. ಆ ರೂಮಿನ ಬಾಡಿಗೆ ಪೆಟ್ರೋಲಿನಷ್ಟೇ ಆಗುತ್ತದೆ, ಹಂಚಿಕೊಳ್ಳುವವರಿಲ್ಲ. ಒಂಟಿ ಹೆಂಗಸರಿಗೆ ಇನ್ನೂ ಒಂದು ಮುಳ್ಳು: ತಾಲ್ಲೂಕು ಕೇಂದ್ರದ ಲಾಡ್ಜಿನ ಕೌಂಟರಿನಲ್ಲಿ ‘ಜೊತೆಗೆ ಯಾರೂ ಇಲ್ವೇನಮ್ಮಾ’ ಎಂಬ ಪ್ರಶ್ನೆ, ಕೆಲವು ಸಲ ರೂಮೇ ಇಲ್ಲ ಎಂಬ ಉತ್ತರ. ಕತ್ತಲಿಗೆ ಮುಂಚೆ ನಿಲ್ಲಿ ಎಂಬ ಮಾತು ಅವರಿಗೆ ಹೊಸದಲ್ಲ, ನಿಲ್ಲಲು ಜಾಗ ಎಲ್ಲಿ ಎಂಬುದೇ ಅವರ ಸಮಸ್ಯೆ. ನಮ್ಮಲ್ಲಿ ಜಾಗವೇ ಇಲ್ಲ ಎನ್ನುವಂತಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳಿವೆ. ಹೆಸರಿನಲ್ಲಿ ಪ್ರವಾಸಿ, ಕಟ್ಟಿದ್ದು ಪ್ರವಾಸದ ಮೇಲೆ ಬರುವ ಅಧಿಕಾರಿಗಳಿಗೆ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು ಬಹುತೇಕ ನೋಡುವ ತಾಣಗಳಲ್ಲಿವೆ. ದಾರಿಯ ನಡುವೆ ಆರು ಗಂಟೆ ಮಲಗಿ ಎದ್ದು ಹೋಗುವವರನ್ನು ನೆನೆದು ಕಟ್ಟಿದವಲ್ಲ. ಲಾರಿ ಚಾಲಕರಿಗಾಗಿ ತೈಲ ಕಂಪನಿಗಳ ಪೆಟ್ರೋಲ್ ಬಂಕುಗಳಲ್ಲಿ ‘ಅಪ್ನಾ ಘರ್’ ಎಂಬ ಹೆಸರಿನ ಮಲಗುವ ಕೋಣೆಗಳು ಬಂದಿವೆ: ಮಂಚ, ಸ್ನಾನದ ಮನೆ, ಅಡುಗೆಗೆ ಜಾಗ. ಅದೇ ಮಾದರಿಯನ್ನು ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಕಡೂರು, ಕೊಟ್ಟಿಗೆಹಾರದಂಥ ಘಟ್ಟದ ಅಥವಾ ಕಾಡಿನ ಬಾಗಿಲಿನ ಊರುಗಳಲ್ಲಿ, ಹೆಂಗಸರಿಗೆ ಪ್ರತ್ಯೇಕ ಕೋಣೆಯೊಂದಿಗೆ, ಗಂಟೆಯ ಲೆಕ್ಕದ ಬಾಡಿಗೆಗೆ ಎಲ್ಲ ಪ್ರಯಾಣಿಕರಿಗೂ ತೆರೆಯಬಹುದು. ಹೊಸಕೋಟೆಯಿಂದ ಹೊರಡುವ ಎಕ್ಸ್‌ಪ್ರೆಸ್‌ವೇಯ ಪಕ್ಕದಲ್ಲಿ ಪೆಟ್ರೋಲ್ ಬಂಕು, ತಿಂಡಿ ಅಂಗಡಿಗಳಿಗೆ ಜಾಗ ಗುರುತಿಸುವವರು ಹತ್ತು ಮಂಚಕ್ಕೂ ಜಾಗ ಗುರುತಿಸಲಿ. ಇ–ಪಾಸ್ ಕೊಡುವ ವೆಬ್‌ಸೈಟಿನಲ್ಲೇ ಆ ಮಂಚವನ್ನು ಕಾದಿರಿಸುವ ಒಂದು ಬಟನ್ ಇಟ್ಟರೆ, ಗೇಟು ಮುಚ್ಚಿದ ಮೇಲೆ ಚೆಕ್‌ಪೋಸ್ಟಿನಲ್ಲಿ ಸೀಟು ಮಡಿಸಿ ಮಲಗುವವರ ಸಾಲು ಎಷ್ಟು ಕರಗುತ್ತದೆ ಎಂಬುದನ್ನು ಒಂದು ಬೇಸಿಗೆ ರಜೆಯಲ್ಲೇ ಎಣಿಸಿ ನೋಡಬಹುದು.